ಅಪ್ಪನ ಕೆಂಪು ಚೀಟಿ

ಅಪ್ಪ ತೀರಿಕೊಂಡ ವಾರವೇ ಇಲ್ಲಿನ ಕನ್ನಡ ಬಳಗದವರು ತಮ್ಮ ಪತ್ರಿಕೆಗೆಂದು ಬರೆದ ಶ್ರದ್ಧಾಂಜಲಿಯನ್ನು ನನಗೆ ಕಳಿಸಿ, ನೀವು ಪೇಪರಿನಲ್ಲಿದ್ದವರು, ಒಮ್ಮೆ ಕಣ್ಣಾಡಿಸಿ ಕೊಡಿ ಎಂದರು. ಎಂಟು ಸಾಲಿನ ಬರಹ. ಅದರಲ್ಲಿ ‘ಶ್ರಮಜೀವಿ’ ಎರಡು ಸಲ, ‘ಕುಟುಂಬವತ್ಸಲ’ ಮೂರು ಸಲ ಬಂದಿತ್ತು. ಸುದ್ದಿಮನೆಯ ಡೆಸ್ಕಿನಲ್ಲಿ ಕೂತು ನಾನು ಇಂಥ ಸಾವಿನ ಸುದ್ದಿಗಳನ್ನು ಲೆಕ್ಕವಿಲ್ಲದಷ್ಟು ತಿದ್ದಿದ್ದೇನೆ. ಸತ್ತವರೆಲ್ಲ ಶ್ರಮಜೀವಿಗಳೇ. ಒಬ್ಬ ಸೋಮಾರಿ ಸತ್ತ ಸುದ್ದಿ ನನ್ನ ಮೇಜಿಗೆ ಒಂದು ದಿನವೂ ಬರಲಿಲ್ಲ. ಅಲ್ಪವಿರಾಮಗಳನ್ನು ಸರಿಮಾಡಿ, ಒಂದು ‘ಕುಟುಂಬವತ್ಸಲ’ವನ್ನು ತೆಗೆದು, ವಾಪಸು ಕಳಿಸಿದೆ. ಉಳಿದೆರಡನ್ನು ತೆಗೆಯಲು ಕಾರಣ ಸಿಗಲಿಲ್ಲ. ಅಪ್ಪ ಒಂದು ದಿನವೂ ಕುಡಿದವನಲ್ಲ, ಕೈಯೆತ್ತಿದವನಲ್ಲ, ಕೆಲಸಕ್ಕೆ ತಡವಾಗಿ ಹೋದವನಲ್ಲ. ಮನೆ ಬಿಟ್ಟರೆ ಮೆಷಿನ್ ಶಾಪು, ಶಾಪು ಬಿಟ್ಟರೆ ಮನೆ. ಅಂಥವನ ವಾತ್ಸಲ್ಯ ನಮ್ಮ ಮನೆಯಲ್ಲಿ ದಿನದಿನ ಹೇಗೆ ನಡೆಯುತ್ತಿತ್ತು ಎನ್ನುವುದು ಎಂಟು ಸಾಲಿನಲ್ಲಿ ಹಿಡಿಸುವ ಸಂಗತಿಯಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅವನು ಹುಟ್ಟಿದ್ದು ಹಾಸನದ ಕಡೆ. ಲೋಹ ಕಡೆಯುವ ಲೇತಿನ ಕೆಲಸ ಕಲಿತದ್ದು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ. ಮನುಷ್ಯನಾದದ್ದು ಮಾತ್ರ, ಅವನೇ ಹೇಳುತ್ತಿದ್ದ ಪ್ರಕಾರ, ಇಲಿನಾಯ್‌ನಲ್ಲಿ. ಮೆಕ್ಕೆಜೋಳದ ಹೊಲಗಳ ನಡುವಿನ ಒಂದು ಊರು, ಟ್ರ್ಯಾಕ್ಟರಿನ ಗೇರು ಮಾಡುವ ಒಂದು ಮೆಷಿನ್ ಶಾಪು. ಅಲ್ಲಿನ ಗಂಡಸರು ಬೆಳಿಗ್ಗೆ ತಗಡಿನ ಊಟದ ಡಬ್ಬಿ ಹಿಡಿದು ಹೋಗಿ, ಸಂಜೆ ಅದೇ ಡಬ್ಬಿ ಹಿಡಿದು ಬಂದು, ಹೆಂಡತಿ ಮಕ್ಕಳು ಇಟ್ಟ ಜಾಗದಲ್ಲೇ ಇದ್ದಾರೆಯೇ ಎಂದು ನೋಡಿ, ಇದ್ದರೆ ಸಮಾಧಾನಪಟ್ಟು ಮಲಗುವವರು. ಅಪ್ಪ ಅವರನ್ನು ದೇವರ ಹಾಗೆ ಕಂಡ. ಹಾಸನದ ಯಜಮಾನಿಕೆ ಅವನ ಜೊತೆ ಮೊದಲೇ ಬಂದಿತ್ತು, ಈಗ ಇಲಿನಾಯ್‌ನ ಯಜಮಾನಿಕೆಯೂ ಸೇರಿಕೊಂಡಿತು. ಮೊದಲನೆಯದು ಕೂಗಾಡುತ್ತದೆ, ಎರಡನೆಯದಕ್ಕೆ ಆ ಅಭ್ಯಾಸವಿಲ್ಲ. ಕೂಗಾಡದ ಯಜಮಾನನ ಮನೆಯಲ್ಲಿ ಹೆಂಗಸರಿಗೆ ನೆರೆಯವರ ಹತ್ತಿರ ಹೇಳಿಕೊಳ್ಳಲು ಏನೂ ಸಿಗುವುದಿಲ್ಲ. ನಾನು ಹತ್ತು ವರ್ಷದವಳಿದ್ದಾಗ ಆ ಶಾಪು ಮುಚ್ಚಿ, ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ ಅವನಿಗೆ ಬೇರೆ ಕೆಲಸ ಸಿಕ್ಕಿ, ನಾವು ಮೂವರೂ ಇಲ್ಲಿಗೆ ಬಂದೆವು. ಹಿಮ ಎತ್ತುವ ಸಲಿಕೆಯನ್ನೂ ಅಪ್ಪ ಹೊತ್ತು ತಂದ. ಲಿವರ್‌ಮೋರ್‌ನಲ್ಲಿ ಹಿಮ ಬೀಳುವುದಿಲ್ಲ. ಸಲಿಕೆ ಮಾತ್ರ ಗರಾಜಿನ ಗೋಡೆಯಲ್ಲಿ ಮೊಳೆಗೆ ತೂಗಿಕೊಂಡು, ಇಲ್ಲಿನ ಜನ ಮೆತ್ತಗಿನವರು, ಚಳಿ ಕಂಡವರಲ್ಲ ಎಂದು ಹೇಳಲು ಅವನಿಗೆ ಸಾಕ್ಷಿಯಾಗಿ ನಿಂತಿತ್ತು.

ಮನೆಗೆ ಮೂರು ಕೋಣೆ, ಒಂದು ಅಡುಗೆಮನೆ, ಒಂದು ಗರಾಜು. ಮನೆಯೊಳಗೆಲ್ಲ ಎರಡು ವಾಸನೆ. ಒಂದು ಒಗ್ಗರಣೆಯದು, ಇನ್ನೊಂದು ಲೇತಿನ ಮೇಲೆ ಸುರಿಯುವ ಹಾಲಿನ ಬಣ್ಣದ ಎಣ್ಣೆನೀರಿನದು. ಅಪ್ಪನ ಬೂಟಿನ ಅಡಿಯಲ್ಲಿ ಲೋಹದ ಸಣ್ಣ ಸುರುಳಿಗಳು ಕಚ್ಚಿಕೊಂಡು ಬರುತ್ತಿದ್ದವು. ಅಮ್ಮ ಒಂದು ದಾರಕ್ಕೆ ಅಯಸ್ಕಾಂತ ಕಟ್ಟಿಕೊಂಡು ದಿನಾ ಸಂಜೆ ಕಾರ್ಪೆಟ್ಟಿನ ಮೇಲೆ ಎಳೆಯುತ್ತಿದ್ದಳು. ಉಕ್ಕಿನ ಚೂರುಗಳು ಅದಕ್ಕೆ ಹತ್ತುತ್ತಿದ್ದವು. ಅಲ್ಯುಮಿನಿಯಂ ಚೂರುಗಳು ಅಯಸ್ಕಾಂತಕ್ಕೆ ಹತ್ತುವುದಿಲ್ಲ, ಅವು ನಮ್ಮ ಅಂಗಾಲಿಗೆ ಹತ್ತುತ್ತಿದ್ದವು. ಬೂಟನ್ನು ಗರಾಜಿನಲ್ಲೇ ಬಿಡಿ ಎಂದು ಅಮ್ಮ ಎಷ್ಟು ಸಲ ಹೇಳಿದರೂ ಅಪ್ಪ ಬಿಡಲಿಲ್ಲ. ಅಷ್ಟು ದುಡಿದು ಬಂದವನು ಬಾಗಿಲಲ್ಲಿ ಬೂಟು ಬಿಚ್ಚುವುದು ಇಲಿನಾಯ್‌ನಲ್ಲಿ ಇರಲಿಲ್ಲವಂತೆ.

ಮೆಷಿನ್ ಶಾಪಿನಲ್ಲಿ ಒಂದು ಪದ್ಧತಿಯಿದೆ. ಯಾವುದೇ ಭಾಗವನ್ನು ನೂರು ಮಾಡಬೇಕಿದ್ದರೂ ಮೊದಲು ಒಂದನ್ನು ಮಾಡಿ, ಅದನ್ನು ಇನ್ಸ್‌ಪೆಕ್ಟರಿಗೆ ಕೊಡಬೇಕು. ಅವನು ಅಳೆದು ಸಹಿ ಹಾಕುವ ತನಕ ಯಂತ್ರ ನಿಂತೇ ಇರಬೇಕು. ಅಳತೆ ತಪ್ಪಿದ್ದರೆ ಅದಕ್ಕೊಂದು ಕೆಂಪು ಚೀಟಿ ಕಟ್ಟುತ್ತಾರೆ. ಚೀಟಿಯಲ್ಲಿ ನಾಲ್ಕು ಖಾನೆ: ವಸ್ತು, ದೋಷ, ಕಾರಣ, ಸಹಿ. ಚೀಟಿ ಕಟ್ಟಿದ ವಸ್ತುವನ್ನು ಯಾರೂ ಮುಟ್ಟುವ ಹಾಗಿಲ್ಲ, ಬಳಸುವ ಹಾಗಿಲ್ಲ. ಕಾರಣ ಬರೆದು ಸಹಿ ಬೀಳದೆ ಚೀಟಿ ಬಿಚ್ಚುವ ಹಾಗಿಲ್ಲ. ಅಪ್ಪ ಶಾಪಿನಲ್ಲಿ ಲೇತು ನಡೆಸುವವನು, ಇನ್ಸ್‌ಪೆಕ್ಟರ್ ಅಲ್ಲ. ಅಲ್ಲಿ ಅವನ ಕೆಲಸವನ್ನು ಬೇರೆಯವರು ಅಳೆಯುತ್ತಿದ್ದರು. ಇನ್ಸ್‌ಪೆಕ್ಟರ್ ಆಗುವ ಅವನ ಆಸೆ ತೀರಿದ್ದು ಮನೆಯಲ್ಲಿ. ಚೀಟಿಗಳ ಒಂದು ಕಟ್ಟನ್ನು ಶಾಪಿನಿಂದ ತಂದು ಅಡುಗೆಮನೆಯ ಡ್ರಾಯರಿನಲ್ಲಿ ಇಟ್ಟಿದ್ದ. ಸೋರುವ ನಲ್ಲಿಗೆ ಚೀಟಿ. ಮುಚ್ಚಳ ಸರಿಯಾಗಿ ಕೂರದ ಉಪ್ಪಿನಕಾಯಿ ಬಾಟಲಿಗೆ ಚೀಟಿ. ನನ್ನ ಗಣಿತದ ಪರೀಕ್ಷೆಯ ಹಾಳೆಗೆ ಚೀಟಿ. ಕಾರಣದ ಖಾನೆ ತುಂಬಲು ಅವನಿಗೆ ಅರೆ ನಿಮಿಷ ಸಾಕಾಗುತ್ತಿತ್ತು. ಅಲ್ಲಿ ಒಂದೋ ಅಮ್ಮನ ಹೆಸರು ಇರುತ್ತಿತ್ತು, ಇಲ್ಲವೇ ನನ್ನದು.

ಅಕ್ಕಿ ರೊಟ್ಟಿ ಮಾಡುವ ದಿನ ಮೊದಲ ರೊಟ್ಟಿ ಅವನ ತಟ್ಟೆಗೆ. ಬೇರೆ ಮನೆಗಳಲ್ಲಿ ಮೊದಲ ರೊಟ್ಟಿ ಯಾರಿಗೆ ಹಸಿವೋ ಅವರಿಗೆ. ನಮ್ಮಲ್ಲಿ ಅದನ್ನು ಅಪ್ಪ ಎರಡೂ ಕೈಯಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ ನೋಡುವ ತನಕ ಅಮ್ಮ ಎರಡನೆಯದನ್ನು ತಟ್ಟದೆ ಕಾಯುತ್ತಿದ್ದಳು. ಒಮ್ಮೆ ಕ್ಯಾಲಿಪರ್ ತಂದು ಅಂಚಿನ ದಪ್ಪ ಅಳೆದ.

“ಎಡಗಡೆ ದಪ್ಪ ಆಗಿದೆ ಜಯಾ.”

“ಎಡಗಡೆ ನೀವು ತಿನ್ನಬೇಡಿ. ಬಲಗಡೆ ತಿನ್ನಿ.”

“ತಮಾಷೆ ಅಲ್ಲ. ಎರಡು ಕಡೆ ಒಂದೇ ಥರ ಬೇಯಲ್ಲ.”

“ಬೇಯದೆ ಇರೋದು ರೊಟ್ಟಿ ಅಲ್ಲ, ನಾನು.”

ಈ ಕ್ಯಾಲಿಪರಿನ ಕತೆ ಕನ್ನಡದವರ ನಡುವೆ ಸನ್ನಿವೇಲ್ ತನಕ ಹೋಗಿ, ಅಲ್ಲಿನ ಎಂಜಿನಿಯರುಗಳ ಮನೆಗಳಲ್ಲಿ ಬಹಳ ನಗೆ ಎಬ್ಬಿಸಿತು. ಅವರಿಗೆಲ್ಲ ಅಪ್ಪ ಪ್ರಿಯನಾಗಿದ್ದ. ಆ ಪ್ರೀತಿಯ ಕಾರಣವನ್ನೂ ಬರೆಯಬೇಕು. ಊರಿಂದ ತಂದ ಮಿಕ್ಸಿ ಕೆಟ್ಟರೆ, ಗ್ರೈಂಡರಿನ ಕಲ್ಲು ತಿರುಗದಿದ್ದರೆ ಅವರು ಅದನ್ನು ಅಪ್ಪನಿಗೆ ಕೊಡುತ್ತಿದ್ದರು. ಅವನು ಬೇಕಾದ ಭಾಗವನ್ನು ತಾನೇ ಕಡೆದು, ಕೂರಿಸಿ ಕೊಡುತ್ತಿದ್ದ. ಅದಕ್ಕೆ ಪ್ರತಿಯಾಗಿ ಅವರು ಅವನನ್ನು ಹೊಸಬರಿಗೆ ‘ಮೆಕ್ಯಾನಿಕಲ್ ಎಂಜಿನಿಯರ್’ ಎಂದು ಪರಿಚಯಿಸುವ ದೊಡ್ಡತನ ತೋರಿಸುತ್ತಿದ್ದರು. ಲೇತಿನವನ ಜೊತೆ ಊಟಕ್ಕೆ ಕೂತಿದ್ದೇವೆ ಎಂದು ಹೇಳಿಕೊಳ್ಳುವುದು ಅವರಿಗೆ ಕಷ್ಟವಿತ್ತು. ಅಪ್ಪ ಪ್ರತಿ ಸಲವೂ, ಯಾರ ಎದುರಾದರೂ, ಅಲ್ಲ, ಮೆಷಿನಿಸ್ಟು ಎಂದು ತಿದ್ದುತ್ತಿದ್ದ. ಅವನ ಬಗ್ಗೆ ನನಗೆ ಗೌರವ ಹುಟ್ಟಿಸಿದ ಸಂಗತಿಗಳು ಕಡಿಮೆ. ಅವುಗಳಲ್ಲಿ ಇದು ಮೊದಲನೆಯದು.

ನನಗೆ ಹನ್ನೆರಡು ತುಂಬಿದ ವರ್ಷ ಡ್ಯಾನ್‌ವಿಲ್‌ನ ಒಂದು ಡೇಕೇರಿನಲ್ಲಿ ಕೆಲಸ ಖಾಲಿ ಇದೆ ಎಂದು ಅಮ್ಮನಿಗೆ ಗೊತ್ತಾಯಿತು. ಹೇಳಿದವಳು ಪಕ್ಕದ ಮನೆಯ ಡೋರಿಸ್, ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತಳಾದ ಹೆಂಗಸು. ಅಮ್ಮ ಮದುವೆಗೆ ಮುಂಚೆ ಹಾಸನದಲ್ಲಿ ಶಿಶುವಿಹಾರ ನಡೆಸಿದವಳು. ಅಮೆರಿಕಕ್ಕೆ ಬಂದ ಮೇಲೆ ಅದನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಡೇಕೇರಿನವರು ಮಾತಾಡಿಸಿ ಒಪ್ಪಿಕೊಂಡರು. ಇದ್ದದ್ದು ಒಂದೇ ಷರತ್ತು. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆಯಬೇಕು. ಲಿವರ್‌ಮೋರ್‌ನಿಂದ ಆ ಹೊತ್ತಿಗೆ ಅಲ್ಲಿಗೆ ಸೇರಿಸುವ ಬಸ್ಸಿಲ್ಲ, ಎರಡು ಫ್ರೀವೇ ದಾಟಿ ಕಾರಿನಲ್ಲೇ ಹೋಗಬೇಕು. ಅಮ್ಮನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಇಲಿನಾಯ್‌ನಲ್ಲೂ ಇಲ್ಲೂ ಗ್ರೋಸರಿಗೆ, ಡಾಕ್ಟರಿಗೆ, ಗುಡ್ಡದ ಮೇಲಿನ ದೇವಸ್ಥಾನಕ್ಕೆ ಎಲ್ಲ ಕಡೆಗೂ ಅಪ್ಪನೇ ಕರೆದುಕೊಂಡು ಹೋಗುತ್ತಿದ್ದ, ಕಾಯುತ್ತಿದ್ದ, ಕರೆತರುತ್ತಿದ್ದ. ಅಮ್ಮ ಎಲ್ಲಿಗೆ ಹೋದಳು, ಎಷ್ಟು ಹೊತ್ತಿದ್ದಳು ಎಂಬುದೆಲ್ಲ ಅವನಿಗೆ ತಿಳಿದಿರುತ್ತಿತ್ತು.

ಕೆಲಸ ಬೇಡ ಎಂದು ಅಪ್ಪ ಹೇಳಲಿಲ್ಲ. ಅವನು ಅಂಥ ಒರಟನಲ್ಲ. ಹಳೆಯದೊಂದು ಸಣ್ಣ ಜಪಾನಿ ಕಾರು ಕೊಂಡು ತಂದು, ಶನಿವಾರ ಭಾನುವಾರ ಗರಾಜಿನಲ್ಲಿ ಮಲಗಿ ಅದರ ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟಿದ. ಅಮ್ಮ ನಾಲ್ಕು ಅಡಿ ಹತ್ತು ಇಂಚು, ಸೀಟಿನಲ್ಲಿ ಕೂತರೆ ಕಾಲು ಪೆಡಲಿಗೆ ಎಟುಕುತ್ತಿರಲಿಲ್ಲ, ರಸ್ತೆ ಕಾಣುತ್ತಿರಲಿಲ್ಲ. ಅವಳನ್ನು ಅಡುಗೆಮನೆಯ ಕುರ್ಚಿಯ ಮೇಲೆ ಕೂರಿಸಿ, ಮಂಡಿಯಿಂದ ಹಿಮ್ಮಡಿಗೆ, ಸೊಂಟದಿಂದ ಕಣ್ಣಿಗೆ ಅಳತೆ ತೆಗೆದುಕೊಂಡು, ಶಾಪಿನಲ್ಲಿ ಊಟದ ವಿರಾಮದಲ್ಲಿ ಅಲ್ಯುಮಿನಿಯಂ ಗಟ್ಟಿಗಳನ್ನು ಕಡೆದು ತಂದ. ನಾಲ್ಕು ಗಟ್ಟಿ ಸೀಟಿನ ಕೆಳಗೆ, ಮೂರು ಗಟ್ಟಿ ಪೆಡಲುಗಳ ಮೇಲೆ. ಬೋಲ್ಟು ಬಿಗಿದ ಮೇಲೆ ಆ ಜಾಗ ಅಮ್ಮನ ಮೈಗೆ ರವಿಕೆಯ ಹಾಗೆ ಹೊಂದಿತು. ಅಂಥ ಅಚ್ಚುಕಟ್ಟಾದ ಕೆಲಸವನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ. ಅದನ್ನು ಮಾಡಿ ಮುಗಿಸಿದವನು ಮಾರನೇ ಭಾನುವಾರ ಅಮ್ಮನನ್ನು ಖಾಲಿ ಪಾರ್ಕಿಂಗಿಗೆ ಕರೆದೊಯ್ದು, ಒಂದು ಸುತ್ತು ಹೊಡೆಸಿ, ಮನೆಗೆ ಬಂದು, ಆ ಕಾರಿನ ಕೀಗೆ ಕೆಂಪು ಚೀಟಿ ಕಟ್ಟಿ ಅಡುಗೆಮನೆಯ ಮೊಳೆಗೆ ತೂಗುಹಾಕಿದ. ವಸ್ತು: ಡ್ರೈವಿಂಗ್. ದೋಷ: ಎಡ ತಿರುವು ಅಗಲ. ಕಾರಣ: ಜಯಾ.

ಎಂಟು ಭಾನುವಾರ ಹೀಗೆ ನಡೆಯಿತು. ಎಡ ತಿರುವು ಸರಿಯಾದರೆ ಬ್ರೇಕು ಒರಟು, ಬ್ರೇಕು ಸರಿಯಾದರೆ ಕನ್ನಡಿ ನೋಡಲಿಲ್ಲ. ಪ್ರತಿ ಸಲವೂ ಹಳೆಯ ಚೀಟಿ ತೆಗೆದು ಹೊಸದು ಕಟ್ಟುತ್ತಿದ್ದ. ಅಮ್ಮನೂ ಪ್ರತಿ ಸಲ ಅದನ್ನು ಓದಿ, ಅಲ್ಲೇ ಬಿಟ್ಟು, ಒಲೆಯ ಕಡೆ ತಿರುಗುತ್ತಿದ್ದಳು. ಅವಳ ಮೇಲೂ ನನಗೆ ತಾತ್ಸಾರ ಬಂದದ್ದು ಆ ಭಾನುವಾರಗಳಲ್ಲೇ. ಚೀಟಿ ಕಟ್ಟಿದ್ದದ್ದು ಒಂದು ತುಂಡು ದಾರದಿಂದ, ಅದನ್ನು ಕತ್ತರಿಸಲು ಕತ್ತರಿ ಅದೇ ಡ್ರಾಯರಿನಲ್ಲಿತ್ತು. ಆದರೆ ನನಗೆ ಗೊತ್ತಿಲ್ಲದ ಒಂದು ಸಂಗತಿ ನಡೆಯುತ್ತಿತ್ತು. ವಾರದ ದಿನಗಳಲ್ಲಿ, ನಾನು ಶಾಲೆಗೂ ಅಪ್ಪ ಶಾಪಿಗೂ ಹೋದ ಮೇಲೆ, ಡೋರಿಸ್ ತನ್ನ ಕಾರಿನಲ್ಲಿ ಅಮ್ಮನಿಗೆ ಫ್ರೀವೇ ಕಲಿಸುತ್ತಿದ್ದಳು. ಎತ್ತರಕ್ಕೊಂದು, ಪೆಡಲು ಎಟುಕಲು ಬೆನ್ನಿಗೊಂದು ದಿಂಬು ಹಾಕಿಕೊಳ್ಳುತ್ತಿದ್ದರಂತೆ. ಒಂದು ಬುಧವಾರ ಸಂಜೆ ಅಮ್ಮ ಅಪ್ಪನ ತಟ್ಟೆಯ ಪಕ್ಕದಲ್ಲಿ, ಚಟ್ನಿ ಇಡುವ ಜಾಗದಲ್ಲಿ, ಒಂದು ಕಾಗದ ಇಟ್ಟಳು. ಡ್ರೈವಿಂಗ್ ಲೈಸೆನ್ಸು.

ಅಪ್ಪ ಅದನ್ನೂ ಬೆಳಕಿಗೆ ಹಿಡಿದು ನೋಡಿದ.

“ಟೆಸ್ಟು ತಗೊಂಡೋನು ಎಷ್ಟು ಹೊತ್ತು ನಿನ್ನ ಪಕ್ಕ ಕೂತಿದ್ದ?”

“ಇಪ್ಪತ್ತು ನಿಮಿಷ.”

“ಇಪ್ಪತ್ತು ನಿಮಿಷದಲ್ಲಿ ಅವನಿಗೇನು ಗೊತ್ತಾಗುತ್ತೆ. ನಾನು ಹದಿನಾಲ್ಕು ವರ್ಷದಿಂದ ನೋಡ್ತಿದೀನಿ.”

“ನನ್ನನ್ನ ನೋಡಿದೀರ. ನಾನು ಓಡಿಸೋದ ನೋಡಿದೀರಾ?”

“ಎರಡೂ ಒಂದೇ. ಇವರ ಟಾಲರೆನ್ಸು ದೊಡ್ಡದು ಜಯಾ. ಯಾರು ಹೋದ್ರೂ ಪಾಸು ಮಾಡ್ತಾರೆ.”

ಟಾಲರೆನ್ಸು ಎಂದರೆ ಅಳತೆ ಎಷ್ಟರ ತನಕ ತಪ್ಪಿದರೆ ಒಪ್ಪಬಹುದು ಎನ್ನುವ ಮಿತಿ. ಇಂಚಿನ ಸಾವಿರದ ಒಂದು ಪಾಲು ಹೆಚ್ಚಾದರೆ ಶಾಪಿನಲ್ಲಿ ಭಾಗ ಕಸದ ಡಬ್ಬಕ್ಕೆ ಹೋಗುತ್ತದೆ. ಅಮ್ಮ ಲೈಸೆನ್ಸನ್ನು ತೆಗೆದಿಟ್ಟುಕೊಂಡು ಚಟ್ನಿ ಬಡಿಸಿದಳು. ಮಾರನೇ ದಿನ ಡೇಕೇರಿನವರು ಫೋನು ಮಾಡಿದರು. ಸೋಮವಾರ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದರು. ಸೋಮವಾರ ಬೆಳಿಗ್ಗೆ ಆರಕ್ಕೆ ಅಮ್ಮ ಸೀರೆಯ ಬದಲು ಚೂಡಿದಾರ ಹಾಕಿಕೊಂಡು, ಊಟದ ಡಬ್ಬಿ ಹಿಡಿದು ಬಂದು, ಮೊಳೆಯಿಂದ ಕೀ ತೆಗೆದುಕೊಂಡಳು. ಅಪ್ಪ ಕಾಫಿ ಕುಡಿಯುತ್ತಿದ್ದ.

“ಎಲ್ಲಿಗೆ?”

“ಡ್ಯಾನ್‌ವಿಲ್‌ಗೆ.”

“ಚೀಟಿ ಇದೆ ಅದರ ಮೇಲೆ.”

“ಇರಲಿ. ಅದೇನು ಗೇರಿಗೆ ಅಡ್ಡ ಬರಲ್ಲ.”

ಚೀಟಿ ತೂಗಾಡುತ್ತಿದ್ದ ಹಾಗೆಯೇ ಕೀ ತಿರುಗಿಸಿ ಅವಳು ಹೊರಟಳು. ಅಪ್ಪ ಅರ್ಧ ಕಾಫಿ ಬಿಟ್ಟು ಎದ್ದು ನನಗೆ, ಪುಟ್ಟಿ, ಚಪ್ಪಲಿ ಹಾಕು ಎಂದ. ಇಲಿನಾಯ್‌ನಿಂದ ತಂದ ತನ್ನ ಕಂದು ಬಣ್ಣದ ದೊಡ್ಡ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಅಮ್ಮನ ಹಿಂದೆ ಹೊರಟ. ಡ್ಯಾನ್‌ವಿಲ್ ತನಕ, ನಾಲ್ಕು ಕಾರಿನ ಅಂತರ ಬಿಟ್ಟು, ಅವಳು ಲೇನು ಬದಲಿಸಿದಾಗ ಬದಲಿಸಿ, ನಿಧಾನಿಸಿದಾಗ ನಿಧಾನಿಸಿ. ಅವಳು ಒಳಗೆ ಹೋಗಿ ದೀಪ ಹಾಕುವುದನ್ನು ನೋಡಿ, ವಾಪಸು ಬಂದು ನನ್ನನ್ನು ಶಾಲೆಗೆ ಬಿಟ್ಟ. ಮಾರನೇ ದಿನವೂ ಹಾಗೇ. ಇದಕ್ಕಾಗಿ ಫೋರ್‌ಮನ್ನನ ಕೈಕಾಲು ಹಿಡಿದು, ಮುಂಜಾನೆಯ ಪಾಳಿ ಬಿಟ್ಟು, ಒಂಬತ್ತಕ್ಕೆ ಶುರುವಾಗುವ ಪಾಳಿ ಹಾಕಿಸಿಕೊಂಡ. ಮುಂಜಾನೆಯದು ಎರಡು ವರ್ಷ ಕಾದು ಪಡೆದ ಪಾಳಿ. ಹೆಂಡತಿಯ ಬೆನ್ನು ಕಾಯಲು ಅದನ್ನು ಬಿಟ್ಟುಕೊಟ್ಟ.

ಮೂರನೇ ದಿನ ಅಪ್ಪ ನನ್ನ ಕೈಗೆ ಒಂದು ನೋಟ್‌ಬುಕ್ಕು ಕೊಟ್ಟ. ಸ್ಟಿಯರಿಂಗ್ ಹಿಡಿದವನು ಬರೆಯಲಾರ, ಹಾಗಾಗಿ ಅವನು ಹೇಳಬೇಕು, ನಾನು ಬರೆಯಬೇಕು. ಬರಿ, ಆರು ಇಪ್ಪತ್ತು, ಲೇನ್ ಬದಲು, ಸಿಗ್ನಲ್ ತಡ. ಬರಿ, ಆರು ಇಪ್ಪತ್ತೇಳು, ಮುಂದಿನ ಲಾರಿಗೆ ಹತ್ತಿರ. ಸಂಜೆ ಊಟಕ್ಕೆ ಕೂತಾಗ ಅಪ್ಪ ಅದನ್ನು ತೆರೆದು, ಒಂದೊಂದೇ ಸಾಲು, ದನಿಯೆತ್ತದೆ ಓದುತ್ತಿದ್ದ. ಅಮ್ಮ ಬಡಿಸುತ್ತಾ ಕೇಳುತ್ತಿದ್ದಳು. ಸಮಯ, ಜಾಗ, ಘಟನೆ ಮೂರನ್ನೂ ಒಂದು ಸಾಲಿನಲ್ಲಿ ಬರೆಯುವುದನ್ನು ನಾನು ಕಲಿತದ್ದು ಆ ಕಂದು ಕಾರಿನಲ್ಲಿ. ಕಸುಬು ಯಾರಿಂದ ಕಲಿತಿರಿ ಎಂದು ಕೇಳಿದವರಿಗೆ ನಾನು ಇದನ್ನು ಹೇಳಿಲ್ಲ. ನನಗೆ ಆ ಕೆಲಸ ಇಷ್ಟವಾಗಿತ್ತು. ಇಷ್ಟ ಎಷ್ಟಿತ್ತೆಂದರೆ, ಅಪ್ಪ ಸುಮ್ಮನಿದ್ದಾಗ ನಾನೇ ತಪ್ಪು ಹುಡುಕಿ ಕೊಡತೊಡಗಿದೆ. ಅಪ್ಪ, ಅಮ್ಮ ಕನ್ನಡಿ ನೋಡಲಿಲ್ಲ ಎಂದೆ. ಅವನು ಶಾಪಿನವರ ಹಾಗೆ ‘ಗುಡ್ ಐ’, ಒಳ್ಳೆಯ ಕಣ್ಣು, ಎಂದು ನನ್ನ ಭುಜ ತಟ್ಟಿದ. ಆ ಸಾಲನ್ನು ಅಂದು ಸಂಜೆ ಓದಿದಾಗ ಅಮ್ಮ ಸೌಟು ಹಿಡಿದವಳು ನನ್ನ ಕಡೆ ನೋಡಿದಳು.

“ಹಿಂದಿನ ಕಾರಿಂದ ನನ್ನ ಕಣ್ಣು ಕಾಣ್ಸುತ್ತಾ ಪುಟ್ಟಿ?”

ಕಾಣುತ್ತಿರಲಿಲ್ಲ. ನಾಲ್ಕು ಕಾರಿನ ಅಂತರದಿಂದ ಅವಳ ತಲೆಯ ತುದಿಯೂ ಸರಿಯಾಗಿ ಕಾಣುತ್ತಿರಲಿಲ್ಲ. ಅಪ್ಪನ ಒಂದು ಶಹಬ್ಬಾಸಿಗಾಗಿ ನಾನು ಇಲ್ಲದ್ದನ್ನು ಬರೆದಿದ್ದೆ. ನಾನು ಅನ್ನ ಕಲಸತೊಡಗಿದೆ. ಮಾರನೇ ದಿನದಿಂದ ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯುವುದೆಂದು ನಿರ್ಧರಿಸಿದೆ. ಕ್ಷಮೆ ಕೇಳುವುದಕ್ಕಿಂತ ಅದು ಸುಲಭವಾಗಿ ಕಂಡಿತು.

ಈ ಹಿಂಬಾಲಿಸುವಿಕೆಯ ಸುದ್ದಿಯೂ ಕನ್ನಡದವರ ನಡುವೆ ಹಬ್ಬಿತು. ದೇವಸ್ಥಾನದ ಊಟದ ಹಾಲ್‌ನಲ್ಲಿ ಸುಲೋಚನಾ ಆಂಟಿ ಅಮ್ಮನನ್ನು ಹಿಡಿದು ನಿಲ್ಲಿಸಿದರು. ಧಾರವಾಡದವರು, ಗಂಡ ಸನ್ನಿವೇಲ್‌ನ ಒಂದು ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದರು.

“ದಿನಾ ಹಿಂದಿಂದ ಕಾರ್ ತಗೊಂಡು ಬರ್ತಾರಂತಲ್ರೀ ಜಯಾ. ಎಂಥಾ ಪುಣ್ಯಾ ಮಾಡೀರಿ. ನಮ್ಮನಿಯವ್ರು ನಾ ಎಲ್ಲಿಗೆ ಹೊಂಟೇನಿ ಅಂತ ಕೇಳಂಗೂ ಇಲ್ಲ.”

“ಹಾಗಾದ್ರೆ ನಿಮ್ಮ ಪುಣ್ಯಾನೇ ದೊಡ್ಡದು ಬಿಡಿ.”

ಸುತ್ತಲಿನ ಹೆಂಗಸರು ನಕ್ಕರು. ಅಮ್ಮ ನಗಲಿಲ್ಲ. ಗಂಡ ಎಲ್ಲಿದ್ದಾನೆಂದು ಗೊತ್ತಿಲ್ಲದ ಹೆಂಗಸರಿಗೆ, ಹೆಂಡತಿಯ ಮೇಲಿಂದ ಕಣ್ಣು ತೆಗೆಯದ ಗಂಡ ದೇವರಾಗಿ ಕಂಡರೆ ಆಶ್ಚರ್ಯವಿಲ್ಲ. ಅವರ ಗಂಡಂದಿರೂ ಅಪ್ಪನ ಬೆನ್ನು ತಟ್ಟಿದರು. ಅವರಲ್ಲಿ ಒಬ್ಬನೂ ತಾನು ಬೆಳಿಗ್ಗೆ ಆರಕ್ಕೆ ಏಳುತ್ತೇನೆ ಎನ್ನಲಿಲ್ಲ.

ನಾನು ಕಂಡದ್ದನ್ನಷ್ಟೇ ಬರೆಯತೊಡಗಿದ ಮೇಲೆ ನೋಟ್‌ಬುಕ್ಕಿನ ಪುಟಗಳು ಬರಿದಾಗತೊಡಗಿದವು. ಅಮ್ಮ ಚೆನ್ನಾಗಿಯೇ ಓಡಿಸುತ್ತಿದ್ದಳು. ಅಪ್ಪ, ಲಾರಿಗೆ ಹತ್ತಿರ ಹೋದಳು, ಬರಿ, ಎನ್ನುತ್ತಿದ್ದ, ಹತ್ತಿರ ಹೋಗಿರದಿದ್ದರೆ ನಾನು ಬರೆಯುತ್ತಿರಲಿಲ್ಲ. ಸಂಜೆ ಓದಲು ಎರಡೇ ಸಾಲು ಸಿಕ್ಕಾಗ ಅವನು ಪುಟ ತಿರುಗಿಸಿ ನೋಡುತ್ತಿದ್ದ. ಹೀಗೆ ಒಂದು ತಿಂಗಳು ಕಳೆದ ಮೇಲೆ, ಒಂದು ಶುಕ್ರವಾರ, ಲಿವರ್‌ಮೋರ್‌ನಲ್ಲಿ ಫ್ರೀವೇಗೆ ಏರುವ ರ‍್ಯಾಂಪಿನಲ್ಲಿ ನಾವು ಅಮ್ಮನ ನೇರ ಹಿಂದೆ ಬಂದೆವು. ಆ ರ‍್ಯಾಂಪಿನಲ್ಲಿ ಒಂದು ಲೈಟಿದೆ. ಹಸಿರು ಬಂದಾಗ ಒಂದು ಕಾರು ಮಾತ್ರ ಹೋಗಬೇಕು. ಕೆಂಪಿತ್ತು. ಅಮ್ಮ ನಿಲ್ಲಿಸಿದಳು. ಅಪ್ಪ ಇನ್ನೂ ನಿಧಾನವಾಗಿ ಉರುಳುತ್ತಿದ್ದ.

“ಆಗ ಬ್ರೇಕು ಜೋರಾಗಿ ಹಾಕಿದ್ಳಲ್ಲ, ಬರೆದ್ಯಾ?”

“ಜೋರಾಗಿ ಹಾಕ್ಲಿಲ್ಲ ಅಪ್ಪ.”

“ತೋರ್ಸು, ಏನು ಬರೆದೆ.”

ಅವನು ನನ್ನ ತೊಡೆಯ ಮೇಲಿನ ಪುಟದ ಕಡೆ ಬಾಗಿದ. ಕಾರು ಉರುಳಿಕೊಂಡು ಹೋಗಿ ಅಮ್ಮನ ಕಾರಿನ ಹಿಂಭಾಗಕ್ಕೆ ಗುದ್ದಿತು. ದೊಡ್ಡ ಪೆಟ್ಟಲ್ಲ. ಅಮ್ಮ ಇಳಿದು ಬಂದಳು. ಬಗ್ಗಿದ ಬಂಪರನ್ನು ನೋಡಿದಳು, ಕೈಗಡಿಯಾರ ನೋಡಿದಳು, ಅಪ್ಪನ ಕಿಟಕಿಯ ಹತ್ತಿರ ಬಂದು ನಿಂತಳು. ಅಪ್ಪ ಗಾಜು ಇಳಿಸಿದ.

“ಪುಟ್ಟಿಗೆ ಏನೂ ಆಗ್ಲಿಲ್ಲ ತಾನೆ?”

“ಇಲ್ಲ,” ಎಂದೆ.

“ನಿಮಗೆ?”

ಅಪ್ಪ ಇಲ್ಲ ಎಂದು ತಲೆಯಾಡಿಸಿದ.

“ಹಾಗಾದ್ರೆ ಬರ್ತೀನಿ. ಏಳಕ್ಕೆ ಮಕ್ಕಳು ಬಂದು ಬಾಗಿಲಲ್ಲಿ ನಿಂತಿರ್ತಾವೆ.”

ಹಸಿರು ಬಂತು, ಅವಳು ಹೊರಟುಹೋದಳು. ಮತ್ತೆ ಕೆಂಪು, ಮತ್ತೆ ಹಸಿರು ಬಂದರೂ ಅಪ್ಪ ಹೊರಡಲಿಲ್ಲ. ಹಿಂದಿನವರು ಹಾರ್ನು ಹೊಡೆಯತೊಡಗಿದರು. ಆ ಹೊತ್ತಿನಲ್ಲಿ ನಾನು ಬರೆದೆ: ಆರು ಹದಿನಾರು. ರ‍್ಯಾಂಪಿನ ಲೈಟು ಕೆಂಪು. ಅಮ್ಮ ನಿಲ್ಲಿಸಿದಳು. ಅಪ್ಪ ನಿಲ್ಲಿಸಲಿಲ್ಲ. ಅವನು ಹೇಳಿ ಬರೆಸಿದ್ದಲ್ಲ ಅದು. ನಾನು ಬರೆಯುತ್ತಿರುವುದನ್ನು ಅವನು ನೋಡಿದ. ನೋಟ್‌ಬುಕ್ಕು ಕಿತ್ತುಕೊಳ್ಳಬಹುದಿತ್ತು, ಕಿತ್ತುಕೊಳ್ಳಲಿಲ್ಲ. ಅಂದು ಡ್ಯಾನ್‌ವಿಲ್‌ಗೆ ಹೋಗದೆ ನನ್ನನ್ನು ಎರಡು ಗಂಟೆ ಮುಂಚೆಯೇ ಶಾಲೆಯ ಮುಂದೆ ಇಳಿಸಿ ಹೋದ.

ಸಂಜೆ ಊಟದ ಹೊತ್ತಿಗೆ ಅವನು ನೋಟ್‌ಬುಕ್ಕು ತೆರೆಯುವುದಿಲ್ಲವೆಂದು ನಾನೆಂದುಕೊಂಡಿದ್ದೆ. ತೆರೆದ. ಪದ್ಧತಿ ತಪ್ಪಿಸುವುದು ಅವನಿಂದಾಗದು. ಮೊದಲ ಸಾಲು ಓದಿದ: ಆರು ಹನ್ನೆರಡು, ಸ್ಟಾಪ್ ಸೈನಿನಲ್ಲಿ ಗೆರೆ ದಾಟಿ ನಿಂತದ್ದು. ಅದು ನಿಜವಾದ ತಪ್ಪು. ಆಮೇಲೆ ಮುಚ್ಚಿಟ್ಟ.

“ಮುಂದೆ ಓದಿ,” ಎಂದಳು ಅಮ್ಮ.

“ಅಷ್ಟೇ.”

“ಇನ್ನೂ ನಾಲ್ಕು ಸಾಲಿತ್ತು. ಇಲ್ಲಿಂದಾನೇ ಕಾಣ್ತು.”

ಅಪ್ಪ ನೀರು ಕುಡಿದ. “ಬ್ರೇಕು ಸರಿಯಿಲ್ಲ ಆ ಕಾರಿಂದು. ನೋಡ್ಬೇಕು.”

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಸಾರು ಹಾಕ್ಲಾ?”

ಅವನು ತಟ್ಟೆ ಮುಂದೆ ಸರಿಸಿದ. ಊಟ ಮುಗಿಸಿ ಕೈ ತೊಳೆದು, ಡ್ರಾಯರಿನಿಂದ ಒಂದು ಕೆಂಪು ಚೀಟಿ ತೆಗೆದು, ಗರಾಜಿಗೆ ಹೋಗಿ ತನ್ನ ಕಾರಿನ ಸ್ಟಿಯರಿಂಗಿಗೆ ಕಟ್ಟಿದ. ವಸ್ತು: ಬ್ರೇಕು. ದೋಷ: ಹಿಡಿಯಲಿಲ್ಲ. ಕಾರಣ ಖಾಲಿ ಬಿಟ್ಟ. ಭಾನುವಾರ ಬ್ರೇಕುಗಳನ್ನು ಪೂರ್ತಿ ಬಿಚ್ಚಿ, ಒಂದೊಂದು ಭಾಗವನ್ನೂ ಅಳೆದು, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದ. ಎಲ್ಲವೂ ಸರಿಯಿತ್ತು. ಸರಿಯಿರದೆ ಏನು, ಅವುಗಳನ್ನು ಕಾಲಕಾಲಕ್ಕೆ ನೋಡಿಕೊಂಡವನೂ ಅವನೇ. ಮತ್ತೆ ಜೋಡಿಸಿ ಕೈ ಒರೆಸಿಕೊಂಡು ಬಂದ. ಚೀಟಿ ಬಿಚ್ಚಲಿಲ್ಲ. ಬಿಚ್ಚಬೇಕಾದರೆ ಕಾರಣ ಬರೆಯಬೇಕು. ನಮ್ಮ ವಿಷಯದಲ್ಲಿ ಅರೆ ನಿಮಿಷ ಸಾಕಾಗುತ್ತಿದ್ದ ಆ ಖಾನೆಗೆ ಬರೆಯಲು ಉಳಿದಿದ್ದದ್ದು ಒಂದೇ ಹೆಸರು. ಅವನು ಸುಳ್ಳು ಬರೆಯುವವನಲ್ಲ. ನಿಜ ಬರೆಯುವವನೂ ಆಗಿರಲಿಲ್ಲ. ಎರಡರ ನಡುವೆ ಆ ಕಾರು ಗರಾಜಿನಲ್ಲಿ ನಿಂತೇ ಇತ್ತು.

ಅಮ್ಮನ ಕಾರನ್ನು ಅವನು ಓಡಿಸಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಪ್ರಯತ್ನಿಸಿದ. ಆರು ಅಡಿಯ ಮನುಷ್ಯ. ಅವನೇ ಕಡೆದು ಕೂರಿಸಿದ ಗಟ್ಟಿಗಳ ಮೇಲೆ ಆ ಸೀಟು ಎಷ್ಟು ಎತ್ತರಕ್ಕೆ, ಎಷ್ಟು ಮುಂದಕ್ಕೆ ಬಂದಿತ್ತೆಂದರೆ ಅವನ ಮಂಡಿ ಸ್ಟಿಯರಿಂಗಿಗೆ ಸಿಕ್ಕಿಕೊಂಡು, ತಲೆ ಚಾವಣಿಗೆ ತಾಗಿತು. ಬೋಲ್ಟು ಬಿಚ್ಚಲು ಸ್ಪ್ಯಾನರ್ ತಂದ. ಅಮ್ಮ ಗರಾಜಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಬಿಚ್ಚಬೇಡಿ. ನಂಗೆ ಸರಿಯಾಗಿದೆ.”

ಸೋಮವಾರ ಬೆಳಿಗ್ಗೆ ಆರಕ್ಕೆ ಅಪ್ಪ ಊಟದ ಡಬ್ಬಿ ಹಿಡಿದು ಅಮ್ಮನ ಪಕ್ಕದ ಸೀಟಿನಲ್ಲಿ ಕೂತ. ಶಾಲೆಯ ಹೊತ್ತಿನ ತನಕ ನಾನು ಪಕ್ಕದ ಡೋರಿಸ್ ಮನೆಯಲ್ಲಿ. ಶಾಪಿನ ಗೇಟಿನ ಮುಂದೆ ಅವನನ್ನು ಇಳಿಸಿ ಅವಳು ಡ್ಯಾನ್‌ವಿಲ್‌ಗೆ ಹೋದಳು. ಹಿಂಬಾಲಿಸುವ ಕೆಲಸ ಮುಗಿದಿತ್ತಾದ್ದರಿಂದ ಅವನು ಹಳೆಯ ಪಾಳಿಗೇ ಮರಳಿದ. ಆ ಪಾಳಿ ಮೂರೂವರೆಗೆ ಮುಗಿಯುತ್ತದೆ. ಅಮ್ಮ ಬರುವುದು ಐದಕ್ಕೆ. ಒಂದೂವರೆ ಗಂಟೆ ಅವನು ಗೇಟಿನ ಹೊರಗಿನ ಕಟ್ಟೆಯ ಮೇಲೆ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಕೂತಿರುತ್ತಿದ್ದ. ಸಂಗಡಿಗರು ಬಿಡುತ್ತೇವೆ ಬಾ ಎಂದರೆ, ಹೆಂಡತಿ ಬರುತ್ತಾಳೆ ಎನ್ನುತ್ತಿದ್ದನಂತೆ. ಕಾರು ಹತ್ತಿ ಮೊದಲ ದಿನ, ಐದು ನಿಮಿಷ ಲೇಟು ಎಂದ. ಅಮ್ಮ ಹೌದು ಎಂದಳು. ಎರಡನೇ ದಿನದಿಂದ ಅದನ್ನೂ ಬಿಟ್ಟ. ಎರಡು ತಿಂಗಳಾದ ಮೇಲೆ ಒಬ್ಬ ವಿದ್ಯಾರ್ಥಿ ಬಂದು ಕಂದು ಕಾರನ್ನು ಕೊಂಡುಕೊಂಡ. ಸ್ಟಿಯರಿಂಗಿನಲ್ಲಿ ತೂಗುತ್ತಿದ್ದ ಚೀಟಿ ನೋಡಿ, ಬ್ರೇಕಿಗೆ ಏನಾಗಿದೆ ಎಂದು ಕೇಳಿದ. ಏನೂ ಆಗಿಲ್ಲ, ಒಳ್ಳೆಯ ಬ್ರೇಕು ಎಂದು ಅಪ್ಪ ಅದನ್ನು ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಕೆಲಸಕ್ಕೆ ಹೋಗಿಬರಲು ಬೇಕಾದ ಕಾರನ್ನು ಒಂದು ಖಾನೆ ತುಂಬಲಾರದೆ ಮಾರಿದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಬಹಳ ಕಾಲ ಹೊಸದನ್ನು ಕೊಳ್ಳಲೂ ಇಲ್ಲ.

ಆ ವರ್ಷದ ಕೊನೆಯಲ್ಲಿ ಒಂದು ಭಾನುವಾರ ನಾವು ಗುಡ್ಡದ ಮೇಲಿನ ದೇವಸ್ಥಾನಕ್ಕೆ ಹೋದೆವು. ಓಡಿಸಿದವಳು ಅಮ್ಮ. ಪಾರ್ಕಿಂಗಿನಲ್ಲಿ ಅವಳು ಡ್ರೈವರ್ ಕಡೆಯಿಂದಲೂ ಅಪ್ಪ ಇನ್ನೊಂದು ಕಡೆಯಿಂದಲೂ ಇಳಿದದ್ದನ್ನು ಬಹಳ ಜನ ನೋಡಿದರು. ಊಟದ ಹಾಲ್‌ನಲ್ಲಿ ಮೊಸರನ್ನ ಮುಗಿಯುವ ಹೊತ್ತಿಗೆ ಸುಲೋಚನಾ ಆಂಟಿಯ ಗಂಡ ಅಪ್ಪನ ಭುಜದ ಮೇಲೆ ಕೈಯಿಟ್ಟು, ಪಂಕ್ತಿಗೆಲ್ಲ ಕೇಳುವ ಹಾಗೆ ಶುರುಮಾಡಿದರು.

“ನೋಡ್ರಿ, ಇವ್ರ ಕಡೆಯಿಂದ ಕಲೀಬೇಕು ನಾವು. ಹೆಂಡತಿ ಕೈಯಾಗ ಸ್ಟಿಯರಿಂಗ್ ಕೊಟ್ಟು ತಾವು ಪಕ್ಕಕ್ಕ ಕೂತಾರ. ಎಷ್ಟು ಮಂದಿಗೆ ಆಗತೈತಿ ಈ ದೊಡ್ಡ ಮನಸ್ಸು?”

“ಫ್ಯಾಮಿಲಿ ಮ್ಯಾನ್ ಅಂದ್ರೆ ಇವ್ರು,” ಎಂದ ಇನ್ನೊಬ್ಬ.

ಅಪ್ಪ, ತನ್ನನ್ನು ಎಂಜಿನಿಯರ್ ಎಂದವರನ್ನೆಲ್ಲ ತಿದ್ದುತ್ತಿದ್ದವನು, ಎಲೆ ನೋಡುತ್ತಾ ಕೂತ. ತಿದ್ದಲಿಲ್ಲ. ಅಮ್ಮ ಎದುರು ಪಂಕ್ತಿಯಲ್ಲಿದ್ದಳು. ಅವಳು ಈ ಮಾತಿಗೆ ಏನು ಹೇಳುತ್ತಾಳೆಂದು ನಾನು ಕಾದೆ, ಬಹುಶಃ ಅಪ್ಪನೂ ಕಾದ. ಅವಳು ಎಲೆ ಮಡಚಿ, ಎದ್ದು, ಕೈ ತೊಳೆದು ಬಂದು, ಬ್ಯಾಗಿನಿಂದ ಕೀ ತೆಗೆದಳು.

“ನಾನು ಇನ್ನು ಐದು ನಿಮಿಷಕ್ಕೆ ಹೊರಡ್ತೀನಿ,” ಎಂದಳು, ಯಾರ ಕಡೆಗೂ ನೋಡದೆ. “ಬರೋರು ಬರಬಹುದು.”

ಪಂಕ್ತಿಯಲ್ಲಿ ಮೊದಲು ಎದ್ದವನು ಅಪ್ಪ.